ಟ್ರ್ಯಾಕ್ಟರ್ ಟಾಪ್ ಮೇಲೆ ಎಲ್‌ಇಡಿ ಲೈಟ್ ಹಾಕಿಸ್ತೀರಾ? ಮೊದಲು ವೈರಿಂಗ್ ತಿಳ್ಕೊಳ್ರಿ

ಹಿಂಗಾರಿ ಬಿತ್ತಿಗೆ ಹತ್ತಿರ ಬಂತಂದ್ರೆ ನನ್ನ ವಾಟ್ಸಾಪಿಗೆ ಒಂದೇ ತರದ ಫೋಟೋಗಳು ಬರಲಿಕ್ಕೆ ಶುರುವಾಗುತ್ತವೆ. ಟ್ರ್ಯಾಕ್ಟರ್ ಟಾಪಿನ ಮೇಲೆ ಸಾಲಾಗಿ ಆರು ಲೈಟು, ಎಂಟು ಲೈಟು. ಕೆಳಗೆ ಒಂದು ಸಾಲು: "ಮಾಮಾ, ಹೆಂಗ ಐತಿ?" ನಾನು ತಿರುಗಿ ಕೇಳುವುದು ಒಂದೇ ಮಾತು: "ಚಂದ ಐತಿ. ಬ್ಯಾಟರಿ ಹತ್ತಿರದ ಫೋಟೋ ಕಳಿಸು." ಆ ಫೋಟೋ ಬಂದಾಗ ಹತ್ತರಲ್ಲಿ ಏಳು ಕಡೆ ಫ್ಯೂಸ್ ಇರುವುದಿಲ್ಲ, ರಿಲೇ ಇರುವುದಿಲ್ಲ. ಹೆಡ್‌ಲೈಟಿನ ವೈರಿಗೆ ಇನ್ನೊಂದು ವೈರ್ ಸುತ್ತಿ ಕರಿ ಟೇಪ್ ಹಚ್ಚಿರುತ್ತಾರೆ. ಈ ವಾರದ ಲೇಖನ ಅದಕ್ಕೇ.

ರಾತ್ರಿ ಕೆಲಸ ನಮ್ಮ ಭಾಗದಲ್ಲಿ ಶೋಕಿ ಅಲ್ಲ. ಗುರುಗುಂಟಾ, ಹಟ್ಟಿ, ಲಿಂಗಸುಗೂರು ಕಡೆಯ ಎರೆ ಹೊಲಕ್ಕೆ ಹದ ಬಂದರೆ ಅದು ನಮಗಾಗಿ ಕಾಯುವುದಿಲ್ಲ. ನಾಲ್ಕು ದಿನ ತಡವಾದರೆ ಮೇಲಿನ ಮಣ್ಣು ಬಿರುಕು ಬಿಡುತ್ತದೆ, ಕಡಲೆ ಕಾಳು ಒಣ ಮಣ್ಣಿಗೆ ಬೀಳುತ್ತದೆ. ಊರಲ್ಲಿ ಇರುವ ಟ್ರ್ಯಾಕ್ಟರ್ ಕಡಿಮೆ, ಬಾಡಿಗೆ ಕೇಳುವವರು ಜಾಸ್ತಿ, ಹಾಗಾಗಿ ಡ್ರೈವರ್ ಹಗಲು ಒಬ್ಬರ ಹೊಲ, ರಾತ್ರಿ ಇನ್ನೊಬ್ಬರ ಹೊಲ ಹೊಡೆಯುತ್ತಾನೆ. ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಕೊಯ್ಲಿನ ಟೈಮಿನಲ್ಲೂ ಇದೇ ಕಥೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟಿದಾಗ ಮಾಗಿ ಉಳುಮೆಯನ್ನ ರಾತ್ರಿ ಮಾಡುವುದೇ ಮನುಷ್ಯನಿಗೂ ಇಂಜಿನ್ನಿಗೂ ಒಳ್ಳೇದು.

ಹೀಗಾಗಿ ಲೈಟ್ ಬೇಕು, ಒಪ್ಪಿದೆ. ಎಷ್ಟು ಬೇಕು, ಎಲ್ಲಿ ಬೇಕು, ಹೆಂಗ ಜೋಡಿಸಬೇಕು ಅನ್ನೋದನ್ನ ನೋಡೋಣ.

ಬೆಳಕು ಬೇಕಾಗಿದ್ದು ಹಿಂದೆ

ಎಲ್ಲರೂ ಮುಂದೆ ಲೈಟ್ ಹಾಕಿಸುತ್ತಾರೆ. ಆದರೆ ಟ್ರ್ಯಾಕ್ಟರಿನ ಕೆಲಸ ನಡೆಯುವುದು ಹಿಂದೆ. ಕೂರಿಗೆಯ ಒಂದು ನಳಿಗೆಯಲ್ಲಿ ಮಣ್ಣು ಕಟ್ಟಿಕೊಂಡು ಬೀಜ ಬೀಳುವುದು ನಿಂತರೆ, ರಾತ್ರಿ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಬೆಳಗ್ಗೆಯೂ ಗೊತ್ತಾಗುವುದಿಲ್ಲ. ಎಂಟು ಹತ್ತು ದಿನ ಆದಮೇಲೆ ಮೊಳಕೆ ಎದ್ದಾಗ ಹೊಲದ ಆ ತುದಿಯಿಂದ ಈ ತುದಿವರೆಗೆ ಖಾಲಿ ಸಾಲು ಕಾಣುತ್ತದೆ. ಅಷ್ಟೊತ್ತಿಗೆ ಹದ ಹೋಗಿರುತ್ತದೆ, ಮತ್ತೆ ಬಿತ್ತಲಿಕ್ಕೆ ಬರುವುದಿಲ್ಲ. ರೋಟಾವೇಟರಿಗೆ ಹಳೇ ಡ್ರಿಪ್ ಪೈಪು, ಸೀರೆ ತುಂಡು, ಹತ್ತಿ ಕಟ್ಟಿಗೆ ಸುತ್ತಿಕೊಳ್ಳುವುದೂ ಹಿಂದೆಯೇ.

ಅದಕ್ಕೆ ನನ್ನ ಲೆಕ್ಕದಲ್ಲಿ ದುಡ್ಡು ಎರಡು ಲೈಟಿಗೆ ಮಾತ್ರ ಇದ್ದರೆ ಎರಡನ್ನೂ ಹಿಂದೆ ಹಾಕ್ರಿ. ಮುಂದಕ್ಕೆ ಕಂಪನಿಯ ಹೆಡ್‌ಲೈಟ್ ಇದ್ದೇ ಇದೆ. ನಾಲ್ಕಕ್ಕೆ ದುಡ್ಡು ಇದ್ದರೆ ಮುಂದೆ ಎರಡು, ಹಿಂದೆ ಎರಡು. ಅದಕ್ಕಿಂತ ಜಾಸ್ತಿ ಹೊಲಕ್ಕೆ ಬೇಕಾಗುವುದಿಲ್ಲ.

ಅಂಗಡಿಯಲ್ಲಿ ಎರಡು ತರದ ಲೈಟ್ ಸಿಗುತ್ತವೆ. ಸ್ಪಾಟ್ ಅಂದರೆ ಟಾರ್ಚಿನ ಹಾಗೆ ಸಣ್ಣಗೆ, ದೂರಕ್ಕೆ ಹೊಡೆಯುವುದು. ಫ್ಲಡ್ ಅಂದರೆ ಅಗಲಕ್ಕೆ ಹರಡುವುದು. ಹುಡುಗರಿಗೆ ಸ್ಪಾಟ್ ಇಷ್ಟ, ಯಾಕಂದ್ರೆ ದೂರದ ಬೇವಿನ ಗಿಡದ ಮೇಲೆ ಬೆಳಕು ಬಿದ್ದು ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡ್ರಿ. ಉಳುವಾಗ ಟ್ರ್ಯಾಕ್ಟರ್ ಓಡುವುದು ತಾಸಿಗೆ 4-5 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಒಂದೂಕಾಲು ಮೀಟರಿನ ಆಸುಪಾಸು. 15 ಮೀಟರ್ ಮುಂದೆ ಇರುವ ಕಲ್ಲು ಕಂಡರೆ ನಿಮಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಟೈಮ್ ಇದೆ. ಅಷ್ಟರಲ್ಲಿ ನಿಲ್ಲಿಸಿ, ಇಳಿದು, ಬೈದುಕೊಳ್ಳಲಿಕ್ಕೂ ಟೈಮ್ ಸಾಕು. ಹೊಲಕ್ಕೆ ಫ್ಲಡ್ ಲೈಟೇ ಸರಿ. ಬದು, ತಿರುವು, ಪಕ್ಕದ ಕಾಲುವೆ ಅಂಚು ಎಲ್ಲ ಕಾಣಬೇಕು.

ಬಣ್ಣದ ಬಗ್ಗೆ ಒಂದು ಮಾತು. ನೀಲಿ ಛಾಯೆಯ ಬಿಳಿ ಬೆಳಕು ಅಂಗಡಿಯಲ್ಲಿ ಬಹಳ ಪ್ರಕಾಶ ಅನ್ನಿಸುತ್ತದೆ. ಹೊಲದಲ್ಲಿ ಧೂಳು ಎದ್ದಾಗ ಅದೇ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಹುಳ ಹುಪ್ಪಡಿ ಕೂಡ ಅದಕ್ಕೆ ಜಾಸ್ತಿ ಬರುತ್ತವೆ. ಭತ್ತದ ಗದ್ದೆಯಲ್ಲಿ ರಾತ್ರಿ ಕೆಲಸ ಮಾಡಿದವರಿಗೆ ಇದು ಹೇಳಬೇಕಾಗಿಲ್ಲ, ಬಾಯಿ ತೆರೆದರೆ ಹುಳ. ಸ್ವಲ್ಪ ಹಳದಿ ಕಡೆ ಇರುವ ಬೆಳಕು ತಗೊಳ್ರಿ. ಬಾಕ್ಸಿನ ಮೇಲೆ ಐಪಿ 67 ಅಂತ ಇರಲಿ. ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ತಾಸು ಮುಳುಗಿದರೂ ನೀರು ಇಳಿಯುವುದಿಲ್ಲ ಅನ್ನೋ ಅರ್ಥ ಅದು. ಹಾಗಂತ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರನ್ನ ನೇರ ಲೈಟಿನ ಅಂಚಿಗೆ ಹೊಡೆಯಬೇಡ್ರಿ.

ಸ್ಟಿಕರ್ ಮೇಲಿನ ವ್ಯಾಟ್ ನಂಬಬೇಡ್ರಿ

ಅಂಗೈ ಅಗಲದ ಲೈಟಿನ ಮೇಲೆ "300 ವ್ಯಾಟ್" ಅಂತ ಬರೆದಿರುತ್ತಾರೆ. ಅಷ್ಟು ವ್ಯಾಟ್ ನಿಜವಾಗಿ ಹೋಗಿದ್ದರೆ ಆ ಸಣ್ಣ ಡಬ್ಬಿಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ನಿಜ ತಿಳಿಯಲಿಕ್ಕೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಕೆಂಪು ಪಿನ್ನನ್ನ ಮೀಟರಿನ 10 ಆಂಪಿಯರ್ ತೂತಿಗೆ ಹಾಕ್ರಿ, ಬ್ಯಾಟರಿಯ ಪ್ಲಸ್ಸಿಗೂ ಲೈಟಿನ ಕೆಂಪು ವೈರಿಗೂ ನಡುವೆ ಮೀಟರ್ ಬರುವ ಹಾಗೆ ಜೋಡಿಸ್ರಿ. ಮೀಟರ್ 2.2 ಆಂಪಿಯರ್ ತೋರಿಸಿತು, ಬ್ಯಾಟರಿ 12.4 ವೋಲ್ಟ್ ಇದೆ ಅಂದ್ಕೊಳ್ರಿ. ಎರಡನ್ನೂ ಗುಣಿಸಿದರೆ 27 ವ್ಯಾಟ್. ಅದೇ ನಿಮ್ಮ "300 ವ್ಯಾಟ್" ಲೈಟು. ಬೇಜಾರಾಗಬೇಡ್ರಿ, ಒಳ್ಳೇ 27 ವ್ಯಾಟ್ ಎಲ್‌ಇಡಿ ಹೊಲಕ್ಕೆ ಬೇಕಾದಷ್ಟು ಬೆಳಕು ಕೊಡುತ್ತದೆ. ಅಳತೆ ಆದಮೇಲೆ ಪಿನ್ನನ್ನ ವಾಪಸ್ ವೋಲ್ಟ್ ತೂತಿಗೆ ಹಾಕೋದು ನೆನಪಿರಲಿ. ಇಲ್ಲಾಂದ್ರೆ ಮುಂದಿನ ಸಲ ವೋಲ್ಟ್ ನೋಡಲಿಕ್ಕೆ ಹೋದಾಗ ಬ್ಯಾಟರಿ ನೇರ ಶಾರ್ಟ್ ಆಗುತ್ತದೆ.

ಇಷ್ಟು ಅಳತೆ ಯಾಕಂದ್ರೆ ಮುಂದಿನ ಲೆಕ್ಕವೆಲ್ಲ ಈ ಆಂಪಿಯರ್ ಮೇಲೆ ನಿಂತಿದೆ. ನಮ್ಮ ಕಡೆ ಓಡುವ ಬಹಳಷ್ಟು ಟ್ರ್ಯಾಕ್ಟರುಗಳ ಆಲ್ಟರ್ನೇಟರ್ 36 ಆಂಪಿಯರಿನದು, ಅದೂ ಇಂಜಿನ್ ರೇಸ್ ಇದ್ದಾಗ. ನಿಮ್ಮದು ಎಷ್ಟರದು ಅಂತ ಆಲ್ಟರ್ನೇಟರ್ ಮೇಲಿನ ಪಟ್ಟಿಯಲ್ಲೋ ಪುಸ್ತಕದಲ್ಲೋ ನೋಡ್ರಿ. ಹೆಡ್‌ಲೈಟ್ 8-9 ಆಂಪಿಯರ್ ತಿನ್ನುತ್ತದೆ. ಹಿಂದಿನ ಕೆಂಪು ದೀಪ, ಮೀಟರ್ ಬೋರ್ಡು ಸೇರಿ ಎರಡು. ಸ್ಟಾರ್ಟ್ ಮಾಡಿದ ಮೇಲೆ ಬ್ಯಾಟರಿ ತನ್ನ ಪಾಲು ಕೇಳುತ್ತದೆ. ಉಳಿದಿದ್ದರಲ್ಲಿ 27 ವ್ಯಾಟಿನ ನಾಲ್ಕು ಲೈಟು, ಅಂದರೆ 9 ಆಂಪಿಯರ್, ಆರಾಮಾಗಿ ಕೂರುತ್ತವೆ. ನಿಜವಾದ 48 ವ್ಯಾಟಿನ ಎಂಟು ಹಾಕಿದರೆ 32 ಆಂಪಿಯರ್. ಅವು ಬ್ಯಾಟರಿಯಿಂದ ಕದ್ದು ತಿನ್ನುತ್ತವೆ, ಬೆಳಗಿನ ಜಾವ ಹೊಲದ ನಡುವೆ ಆಫ್ ಮಾಡಿದ ಟ್ರ್ಯಾಕ್ಟರ್ ತಿರುಗಿ ಸ್ಟಾರ್ಟ್ ಆಗುವುದಿಲ್ಲ. ಮತ್ತೆ ನೂಕಲಿಕ್ಕೆ ಜನ ಹುಡುಕಬೇಕು.

ವೈರಿಂಗ್: ಇಲ್ಲಿ ನಿಧಾನಕ್ಕೆ ಓದ್ರಿ

ನಮ್ಮ ಕಡೆ ಒಬ್ಬ ರೈತರ ಟ್ರ್ಯಾಕ್ಟರನ್ನ ಬೆಂಕಿ ಹತ್ತಿದ ಮರುದಿನ ನಾನು ನೋಡಿದೆ. ಟಾಪಿನ ಕಬ್ಬಿಣದ ಕಂಬಕ್ಕೆ ತೂತು ಹಾಕಿ ಅದರೊಳಗಿಂದ ವೈರ್ ಎಳೆದಿದ್ದರು. ತೂತಿನ ಅಂಚಿಗೆ ರಬ್ಬರ್ ಇರಲಿಲ್ಲ. ಒಂದು ಹಂಗಾಮು ಪೂರ್ತಿ ಅಲುಗಾಡಿ ಅಲುಗಾಡಿ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು, ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಬ್ಯಾಟರಿ ಹತ್ತಿರ ಫ್ಯೂಸ್ ಇರಲಿಲ್ಲ. ಡ್ರೈವರ್ ಹೊಗೆ ಕಂಡು, ಇಳಿದು, ಪಾನಾ ಹುಡುಕಿ ಬ್ಯಾಟರಿ ಟರ್ಮಿನಲ್ ಬಿಚ್ಚುವಷ್ಟರಲ್ಲಿ ಮೀಟರ್ ಬೋರ್ಡಿನ ಹಿಂದಿನ ವೈರೆಲ್ಲ ಕರಗಿ ಒಂದೇ ಗಡ್ಡೆ ಆಗಿತ್ತು. ಹಿಂದೆ ಜೋಳದ ಕಣಿಕಿ ತುಂಬಿದ ಟ್ರಾಲಿ ಇತ್ತು. ಅದಕ್ಕೆ ಕಿಡಿ ಬೀಳಲಿಲ್ಲ, ಅಷ್ಟರಮಟ್ಟಿಗೆ ಪುಣ್ಯ. ಆದರೂ ಬಿತ್ತಿಗೆ ಹೊತ್ತಿನಲ್ಲಿ ಟ್ರ್ಯಾಕ್ಟರ್ ನಿಂತಿತು, ಹದ ಹೋಯಿತು. ಒಂದು ಫ್ಯೂಸು, ಒಂದು ರಬ್ಬರ್ ಬುಷ್ ಇದ್ದಿದ್ದರೆ ಆಗುತ್ತಿರಲಿಲ್ಲ.

ಟ್ರ್ಯಾಕ್ಟರ್ ಬ್ಯಾಟರಿ 12 ವೋಲ್ಟ್, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಜನ ಹಗುರಾಗಿ ತಗೊಳ್ಳುತ್ತಾರೆ. ಆದರೆ ಶಾರ್ಟ್ ಆದಾಗ ಅದೇ ಬ್ಯಾಟರಿ ನೂರಾರು ಆಂಪಿಯರ್ ಒಮ್ಮೆಲೇ ತಳ್ಳುತ್ತದೆ. ಸ್ಟಾರ್ಟರ್ ಮೋಟಾರ್ ತಿರುಗಿಸುವ ಶಕ್ತಿ ಅದು. ಬೆರಳು ಸಣ್ಣ ವೈರಿನಲ್ಲಿ ಅಷ್ಟು ಹರಿದರೆ ವೈರೇ ಹೀಟರಿನ ಕಾಯಿಲ್ ಆಗುತ್ತದೆ.

ಹೆಡ್‌ಲೈಟಿನ ವೈರಿಗೆ ಹೊಸ ಲೈಟಿನ ವೈರ್ ಸುತ್ತುವುದು ಯಾಕೆ ತಪ್ಪು ಅನ್ನೋದೂ ಇಲ್ಲೇ ತಿಳಿಯುತ್ತದೆ. ಆ ವೈರು, ಆ ಸ್ವಿಚ್ಚು ಎರಡು ಹೆಡ್‌ಲೈಟಿಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಇನ್ನೂ 9 ಆಂಪಿಯರ್ ಹೇರಿದರೆ ಸ್ವಿಚ್ಚಿನ ಒಳಗಿನ ಪಟ್ಟಿ ಕಾಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಂದು ರಾತ್ರಿ ಹೊಸ ಲೈಟಿನ ಜೊತೆಗೆ ಹೆಡ್‌ಲೈಟೂ ಹೋಗುತ್ತದೆ. ಹೊಸ ಟ್ರ್ಯಾಕ್ಟರ್ ಆಗಿದ್ದರೆ ಕಂಪನಿ ವೈರ್ ಕತ್ತರಿಸಿದ್ದಕ್ಕೆ ವಾರಂಟಿಯವರೂ ತಕರಾರು ತೆಗೆಯಬಹುದು. ಅದಕ್ಕೆ ಹೊಸ ಲೈಟಿಗೆ ಹೊಸ ಲೈನು, ನೇರ ಬ್ಯಾಟರಿಯಿಂದ.

ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಕರಿ ಡಬ್ಬಿ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಹಚ್ಚಿ ಆರಿಸುವ ಸಾಧನ. ಹೊಲದ ಬೋರಿಗೆ ಸ್ಟಾರ್ಟರ್ ಡಬ್ಬಿ ಇದೆಯಲ್ಲ, ಹಸಿರು ಗುಂಡಿ ಒತ್ತಿದರೆ ಒಳಗೆ ಕಾಂಟ್ಯಾಕ್ಟರ್ ಎಳೆದು ಮೋಟಾರಿಗೆ ಕರೆಂಟ್ ಹೋಗುತ್ತದೆ. ಗುಂಡಿಯ ಮೂಲಕ ಮೋಟಾರಿನ ಪೂರ್ತಿ ಕರೆಂಟ್ ಹೋಗುವುದಿಲ್ಲ. ಇದೂ ಹಂಗ. ರಿಲೇಯ ಕಾಯಿಲ್ ತಗೊಳ್ಳುವುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ, ಅದು ತೆರೆದು ಮುಚ್ಚುವುದು 30 ಆಂಪಿಯರ್. ಹಾಗಾಗಿ ನಿಮ್ಮ ಕೈ ಹತ್ತಿರದ ಸ್ವಿಚ್ ಸಣ್ಣದಿದ್ದರೂ ಕಾಯುವುದಿಲ್ಲ.

ಅಂಗಡಿಯಲ್ಲಿ "12 ವೋಲ್ಟ್, 30 ಆಂಪಿಯರ್, ನಾಲ್ಕು ಪಿನ್ ರಿಲೇ, ಸಾಕೆಟ್ ಸಮೇತ" ಅಂತ ಕೇಳ್ರಿ. ತಿರುಗಿಸಿ ನೋಡಿದರೆ ಪಿನ್ನಿನ ಪಕ್ಕ ನಂಬರ್ ಇರುತ್ತವೆ. ಯಾವ ಕಂಪನಿಯದಾದರೂ ನಂಬರ್ ಸಾಮಾನ್ಯವಾಗಿ ಇವೇ.

30: ಬ್ಯಾಟರಿ ಪ್ಲಸ್‌ನಿಂದ, ಫ್ಯೂಸ್ ದಾಟಿ ಬರುವ ದಪ್ಪ ವೈರ್.
87: ಇಲ್ಲಿಂದ ಲೈಟಿನ ಕೆಂಪು ವೈರಿಗೆ.
86: ಸ್ವಿಚ್ಚಿನಿಂದ ಬರುವ ಸಣ್ಣ ವೈರ್.
85: ಅರ್ಥಿಗೆ, ಅಂದರೆ ಬ್ಯಾಟರಿ ಮೈನಸ್ಸಿಗೆ.

ಐದು ಪಿನ್ನಿನದೇ ಸಿಕ್ಕರೆ ನಡುವೆ 87ಎ ಅಂತ ಒಂದು ಇರುತ್ತದೆ. ಅದನ್ನ ಖಾಲಿ ಬಿಡ್ರಿ. ಅದಕ್ಕೆ ಲೈಟ್ ಜೋಡಿಸಿದರೆ ಉಲ್ಟಾ ಆಗುತ್ತದೆ, ಸ್ವಿಚ್ ಆಫ್ ಇದ್ದಾಗ ಲೈಟ್ ಉರಿಯುತ್ತದೆ.

ಸ್ವಿಚ್ಚಿಗೆ ಕರೆಂಟ್ ಎಲ್ಲಿಂದ ತಗೊಳ್ಳಬೇಕು? ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ, ನಡುವೆ 3 ಆಂಪಿಯರಿನ ಸಣ್ಣ ಫ್ಯೂಸ್ ಇಟ್ಟು. ಇಲ್ಲಾಂದ್ರೆ ಮನೆ ಮುಂದೆ ನಿಲ್ಲಿಸಿದಾಗ ಮಕ್ಕಳು ಸ್ವಿಚ್ ಒತ್ತಿ ಆಡುತ್ತಾರೆ. ಇಂಜಿನ್ ಆಫ್ ಇದ್ದಾಗ 9 ಆಂಪಿಯರ್ ಅಂದರೆ 75 ಆಂಪಿಯರ್-ತಾಸಿನ ಬ್ಯಾಟರಿ ನಾಲ್ಕು ತಾಸಿನಲ್ಲಿ ಅರ್ಧ ಖಾಲಿ.

ಮುಂದಿನ ಜೋಡಿಗೆ ಒಂದು ರಿಲೇ, ಹಿಂದಿನ ಜೋಡಿಗೆ ಇನ್ನೊಂದು, ಸ್ವಿಚ್ಚೂ ಬೇರೆ ಬೇರೆ ಇರಲಿ. ಖರ್ಚು ಸ್ವಲ್ಪ ಹೆಚ್ಚು, ಆದರೆ ಒಂದು ಲೈನ್ ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಹಿಂದಿನದನ್ನ ರಸ್ತೆಗೆ ಇಳಿದ ಕೂಡಲೇ ಬೇರೆಯಾಗಿ ಆಫ್ ಮಾಡಬಹುದು. ಒಂದು ಜೋಡಿಗೆ ನಾಲ್ಕೂವರೆ ಆಂಪಿಯರ್, ಅದಕ್ಕೆ 10 ಆಂಪಿಯರಿನ ಫ್ಯೂಸ್. ಫ್ಯೂಸ್ ಇರಬೇಕಾದದ್ದು ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನ ಒಳಗೆ. ಸ್ವಿಚ್ಚಿನ ಹತ್ತಿರ ಇಟ್ಟರೆ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ವೈರಿಗೆ ಕಾವಲೇ ಇಲ್ಲದಂಗಾಯಿತು. ಫ್ಯೂಸ್ ಇರೋದು ಲೈಟ್ ಉಳಿಸಲಿಕ್ಕಲ್ಲ, ವೈರ್ ಉಳಿಸಲಿಕ್ಕೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಬೇಡ್ರಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವಂತೂ ಸುತ್ತಲೇಬೇಡ್ರಿ. ಎಲ್ಲೋ ತಾಗುತ್ತಿದೆ ಅಂತ ಅದು ಹೇಳುತ್ತಿದೆ. ಹುಡುಕ್ರಿ.

ವೈರ್ ಎಷ್ಟು ದಪ್ಪ? ಬ್ಯಾಟರಿಯಿಂದ ತಿರುವು ಮುರುವು ಸೇರಿ ಟಾಪಿನವರೆಗೆ 5 ಮೀಟರ್ ಆಗುತ್ತದೆ. ಕರೆಂಟ್ ಹೋಗಿ ವಾಪಸ್ ಬರಬೇಕು, ಅಂದರೆ 10 ಮೀಟರ್. ನಾಲ್ಕೂ ಲೈಟನ್ನ ಒಂದೂವರೆ ಎಂಎಂ ವೈರಿನಲ್ಲಿ ಎಳೆದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಎರಡೂವರೆ ಎಂಎಂ ವೈರಿನಲ್ಲಿ ಒಂದು ಜೋಡಿ ಮಾತ್ರ ಎಳೆದರೆ ಕಳೆಯುವುದು ವೋಲ್ಟಿನ ಮೂರನೇ ಒಂದು ಭಾಗ. ಹಳೇ ಹ್ಯಾಲೋಜನ್ ಬಲ್ಬ್ ಇದ್ದವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಹ್ಯಾಲೋಜನ್ನಿಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಹೊಸ ಬಲ್ಬ್ ತಂದರೂ ಮಂದ ಅನ್ನುವವರು ವೈರ್ ನೋಡಿಕೊಳ್ಳಬೇಕು.

ಮನೆ ವೈರಿಂಗಿನಲ್ಲಿ ಉಳಿದ ದಪ್ಪ ಎಳೆಯ ಬಿರುಸು ವೈರ್ ಬ್ಯಾಡ. ಟ್ರ್ಯಾಕ್ಟರಿನ ಅಲುಗಾಟಕ್ಕೆ ಅದರ ಎಳೆ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ. ಸಣ್ಣ ಎಳೆಗಳು ಬಹಳ ಇರುವ, ಡೀಸೆಲ್ಲು ಬಿಸಿ ತಡೆಯುವ ಗಾಡಿ ವೈರನ್ನೇ ಕೇಳಿ ತಗೊಳ್ರಿ. ಪ್ಲಸ್‌ಗೆ ಕೆಂಪು, ಮೈನಸ್‌ಗೆ ಕಪ್ಪು. ಮುಂದೆ ಯಾವತ್ತೋ ಇನ್ನೊಬ್ಬ ಮೆಕ್ಯಾನಿಕ್ ಕೈ ಹಾಕುತ್ತಾನೆ, ಅವನಿಗೂ ತಿಳಿಯಬೇಕು.

ಅರ್ಥ್ ವಿಷಯಕ್ಕೆ ಬಂದರೆ, "ಲೈಟ್ ಮಿಣಕ್ ಮಿಣಕ್ ಅಂತೈತಿ" ಅಂತ ಬರುವ ದೂರಿನಲ್ಲಿ ಬಹಳಷ್ಟು ಇದರಿಂದಲೇ. ಕಪ್ಪು ವೈರನ್ನ ಲೈಟಿನ ಬೋಲ್ಟಿಗೇ ಕಟ್ಟಿ, ಟಾಪಿನ ಕಬ್ಬಿಣವೇ ಮೈನಸ್ ಅಂತ ಬಿಡುತ್ತಾರೆ. ನಡುವೆ ಬಣ್ಣ, ತುಕ್ಕು, ಸಡಿಲ ನಟ್ಟು. ಫೈಬರ್ ಟಾಪ್ ಆಗಿದ್ದರಂತೂ ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಕಪ್ಪು ವೈರನ್ನೂ ಕೆಂಪಿನಷ್ಟೇ ದಪ್ಪದ್ದು ತಗೊಂಡು ಬ್ಯಾಟರಿ ಮೈನಸ್‌ವರೆಗೆ ಎಳೆಯಿರಿ.

ಇನ್ನು ಜೋಡಿಸುವ ದಿನ. ಏನನ್ನೇ ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ಹೊಡೆದಿಟ್ಟುಕೊಳ್ರಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಹಾಕುವಾಗ ಮೈನಸ್ ಕೊನೆಗೆ. ಯಾಕಂದ್ರೆ ಮೈನಸ್ ಕಟ್ಟಿದ್ದಾಗ ಪ್ಲಸ್ ಬಿಚ್ಚುವ ಪಾನಾ ಬಾಡಿಗೆ ತಾಗಿದರೆ ಅಲ್ಲೇ ಕಿಡಿ. ವೈರನ್ನ ಸುರುಳಿ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ, ಸೈಲೆನ್ಸರಿನಿಂದ ದೂರ, ಬಾನೆಟ್ ತೆರೆದು ಮುಚ್ಚುವ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟು, ಒಂದು ಗೇಣಿಗೊಂದು ಟೈ ಹಾಕ್ತಾ ಹೋಗ್ರಿ. ಕಬ್ಬಿಣದ ತೂತು ಎಲ್ಲೇ ಇರಲಿ, ರಬ್ಬರ್ ಬುಷ್ ಇಲ್ಲದೆ ವೈರ್ ದಾಟಿಸಬೇಡ್ರಿ. ವೈರ್ ತುದಿಗೆ ಥಿಂಬಲ್ ಹಾಕಿ ಪ್ಲಯರಿನಿಂದ ಗಟ್ಟಿ ಒತ್ತಿಸ್ರಿ, ಕೈಯಿಂದ ತಿರುಚಿ ಟೇಪ್ ಸುತ್ತುವ ಕೆಲಸ ಎರಡು ಮಳೆಗೆ ಮುಗಿಯಿತು. ರಿಲೇಯನ್ನ ಪಿನ್ನು ಕೆಳಗೆ ಬರುವಂತೆ ನಿಲ್ಲಿಸ್ರಿ, ನೀರು ನಿಲ್ಲುವುದಿಲ್ಲ.

ಟಾಪಿನ ಮೇಲೆ ಕೂರಿಸುವಾಗ

ಉರುಳಿದಾಗ ಡ್ರೈವರನ್ನ ಕಾಯುವ ದಪ್ಪ ಕಮಾನು ಕಂಪನಿಯಿಂದಲೇ ಬಂದಿದ್ದರೆ ಅದಕ್ಕೆ ತೂತು ಹಾಕಬೇಡ್ರಿ, ವೆಲ್ಡಿಂಗೂ ಬ್ಯಾಡ. ಅದರ ಬಲ ಹೋಗುತ್ತದೆ. ಸುತ್ತು ಕ್ಲಾಂಪ್ ಹಾಕ್ರಿ. ನಮ್ಮೂರ ವರ್ಕ್‌ಶಾಪಿನಲ್ಲಿ ಮಾಡಿಸಿದ ಟಾಪಿಗೆ ಪಟ್ಟಿ ವೆಲ್ಡ್ ಮಾಡಿಸುವುದಾದರೆ ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸ್ರಿ, ಆಲ್ಟರ್ನೇಟರಿನ ಡಯೋಡು ವೆಲ್ಡಿಂಗ್ ಕರೆಂಟಿಗೆ ಹೋಗಬಹುದು. ಫೈಬರ್ ಟಾಪಿಗೆ ತೂತು ಹಾಕಿದರೆ ಮೇಲೆ ಕೆಳಗೆ ದೊಡ್ಡ ವಾಷರ್ ಇರಲಿ, ಇಲ್ಲಾಂದ್ರೆ ಬಿರುಕು ಬಿಡುತ್ತದೆ.

ಮುಂದಿನ ಲೈಟ್ ಟಾಪಿನ ಮುಂದಿನ ಅಂಚಿನಲ್ಲೇ ಇರಲಿ. ಹಿಂದೆ ಸರಿದರೆ ಬಾನೆಟ್ ಮೇಲೆ ಬೆಳಕು ಬಿದ್ದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಕೋನ ಹೊಂದಿಸಲಿಕ್ಕೆ ಫೋನಿನಲ್ಲಿರುವ ಲೆವೆಲ್ ಆಪ್ ಸಾಕು. ಟಾಪ್ ಎಂಟು ಅಡಿ ಎತ್ತರ ಇದ್ದರೆ ಲೈಟನ್ನ 9 ಡಿಗ್ರಿ ಕೆಳಗೆ ಬಾಗಿಸಿದಾಗ ಬೆಳಕಿನ ನಡುಭಾಗ 15 ಮೀಟರ್ ಮುಂದೆ ನೆಲಕ್ಕೆ ಬೀಳುತ್ತದೆ. ಹಿಂದಿನದು 45 ಡಿಗ್ರಿ ಬಾಗಿರಲಿ, ನೇರ ಕೂರಿಗೆ ಮೇಲೆ.

ಎತ್ತರ ಹೆಚ್ಚಾಯಿತು ಅನ್ನೋದನ್ನ ಮರೀಬೇಡ್ರಿ. ಲೈಟು, ಪಟ್ಟಿ ಸೇರಿ ಅರ್ಧ ಅಡಿ ಮೇಲೆ ಹೋಗಿರುತ್ತೀರಿ. ನಮ್ಮ ಹೊಲಗಳಲ್ಲಿ ಜೋತುಬಿದ್ದ ಕರೆಂಟ್ ಲೈನುಗಳು ಕಡಿಮೆ ಏನಿಲ್ಲ, ಟಾಪ್ ಲೈಟಿನ ಬೆಳಕು ನೆಲಕ್ಕೆ ಬೀಳುತ್ತದೆಯೇ ಹೊರತು ತಲೆ ಮೇಲಿನ ತಂತಿ ಕಾಣುವುದಿಲ್ಲ. ಹಗಲು ಹೊತ್ತಿನಲ್ಲಿ ಒಮ್ಮೆ ಹೊಲ ಸುತ್ತಿ ನೋಡ್ರಿ. ತಂತಿ ಜೋತಿದ್ದರೆ ಜೆಸ್ಕಾಂನವರಿಗೆ 1912ಕ್ಕೆ ಫೋನ್ ಮಾಡಿ ಬರೆಸ್ರಿ, ಆ ತನಕ ಅದರ ಕೆಳಗೆ ರಾತ್ರಿ ಹೋಗೋದು ಬ್ಯಾಡ.

ರಸ್ತೆಗೆ ಇಳಿದರೆ ಆಫ್

ಹೊಲದ ಲೈಟ್ ಹೊಲಕ್ಕೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಅದರ 111ನೇ ನಿಯಮದ ಪ್ರಕಾರ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಇರಕೂಡದು. ವಿಶೇಷ ಸಂದರ್ಭವಿದ್ದರೆ ನೋಂದಣಿ ಅಧಿಕಾರಿಯ, ಅಂದರೆ ಆರ್‌ಟಿಒ ಒಪ್ಪಿಗೆ ಬೇಕು. ಆರ್‌ಟಿಒ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೇದು. ಬಿಚ್ಚಿಡಬಹುದಾದ ಕ್ಲಾಂಪ್ ಹಾಕಿಸ್ರಿ ಅಂತ ನಾನು ಹೇಳುವುದೂ ಇದಕ್ಕೇ. ಹಂಗಾಮು ಮುಗಿದ ಮೇಲೆ ಸಾಕೆಟ್ ಕಿತ್ತು ಲೈಟ್ ಮನೆಯೊಳಗೆ ಇಡಬಹುದು. ಕಳ್ಳರ ಕಾಟವೂ ತಪ್ಪುತ್ತದೆ.

ಕಾನೂನು ಒಂದು ಕಡೆ ಇರಲಿ. ಲಿಂಗಸುಗೂರು ರಸ್ತೆಯಲ್ಲಿ ರಾತ್ರಿ ಬೈಕಿನಲ್ಲಿ ಬರುವವನ ಜಾಗದಲ್ಲಿ ನಿಂತು ನೋಡ್ರಿ. ಎಂಟು ಅಡಿ ಎತ್ತರದಿಂದ ಬೆಳಕು ಕಣ್ಣಿಗೆ ಬಿದ್ದರೆ ನಾಲ್ಕೈದು ಸೆಕೆಂಡ್ ಏನೂ ಕಾಣುವುದಿಲ್ಲ. ತಾಸಿಗೆ 50 ಕಿಲೋಮೀಟರ್ ಓಡುವ ಬೈಕು ಅಷ್ಟರಲ್ಲಿ 60 ಮೀಟರ್ ಕುರುಡಾಗಿ ಬಂದಿರುತ್ತದೆ. ಹಿಂದಿನ ಬಿಳಿ ಲೈಟ್ ಉರಿಸಿಕೊಂಡು ಹೋದರೆ ಇನ್ನೂ ಕೆಟ್ಟದ್ದು. ರಾತ್ರಿ ಬಿಳಿ ಬೆಳಕು ಕಂಡವನು ಎದುರಿನಿಂದ ಗಾಡಿ ಬರುತ್ತಿದೆ ಅಂದುಕೊಳ್ಳುತ್ತಾನೆ.

ಒಂದು ಮಾತು ಖಡಾಖಂಡಿತ ಹೇಳ್ತೀನಿ. ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಇಲ್ಲದವರು ಟಾಪಿನ ಲೈಟಿಗೆ ಒಂದು ರೂಪಾಯಿಯನ್ನೂ ಹಾಕಬಾರದು. ಹತ್ತಿ ಅಂಡಿಗೆ, ಕಣಿಕಿ ತುಂಬಿದ ಟ್ರಾಲಿಗಳು, ಅಮರೇಶ್ವರ ಜಾತ್ರೆಗೆ ಜನ ತುಂಬಿಕೊಂಡು ಹೊರಟ ಟ್ರಾಲಿಗಳು, ಹಿಂದೆ ಒಂದು ದೀಪವೂ ಇಲ್ಲದೆ ರಸ್ತೆ ಮೇಲೆ ಇರುತ್ತವೆ. ಪಂಕ್ಚರ್ ಆಗಿ ನಿಂತ ಟ್ರಾಲಿಗೆ ಹಿಂದಿನಿಂದ ಬೈಕ್ ಗುದ್ದಿ ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಪಟ್ಟಿ ಹಚ್ಚುವುದು ಅರ್ಧ ತಾಸಿನ ಕೆಲಸ, ಒಂದು ಲೈಟಿನ ಬೆಲೆಯೂ ಆಗುವುದಿಲ್ಲ. ಪಕ್ಕಗಳಿಗೆ ಹಳದಿ, ಹಿಂದೆ ಕೆಂಪು. ಲೋಡ್ ಹೇರಿದಾಗ ಮುಚ್ಚಿಹೋಗದ ಜಾಗದಲ್ಲಿ ಹಚ್ಚ್ರಿ, ಧೂಳು ಕೂತಾಗ ಒರೆಸ್ರಿ. ಟ್ರಾಲಿಗೆ ಏಳು ಪಿನ್ನಿನ ಸಾಕೆಟ್ ಎಳೆದು ಕೆಂಪು ದೀಪ, ಇಂಡಿಕೇಟರ್ ಹಾಕಿಸಿದರೆ ಇನ್ನೂ ಒಳ್ಳೇದು.

ಜೀಪು, ಪಿಕಪ್ ಇರುವವರು ಕೇಳುತ್ತಾರೆ, ನಮಗೂ ಇದೇ ವೈರಿಂಗಾ ಅಂತ. ಹೌದು, ಫ್ಯೂಸು, ರಿಲೇ, ಅರ್ಥ್ ಎಲ್ಲ ಇದೇ. ಆದರೆ ಅವು ತಾಸಿಗೆ 40 ಕಿಲೋಮೀಟರ್ ಓಡುತ್ತವೆ, ಸೆಕೆಂಡಿಗೆ 11 ಮೀಟರ್, ಹಾಗಾಗಿ ಕಚ್ಚಾ ದಾರಿಯಲ್ಲಿ ದೂರ ಹೊಡೆಯುವ ಸ್ಪಾಟ್ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮೇಲಿನ ತಗಡಿಗೆ ತೂತು ಹಾಕಿದರೆ ಮಳೆಗಾಲದಲ್ಲಿ ಸೀಟ್ ತೋಯುತ್ತದೆ, ಕ್ಯಾರಿಯರ್ ಹಾಕಿಸಿ ಅದಕ್ಕೆ ಕಟ್ಟಿಸ್ರಿ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಡಬ್ಬಿ ಇರುವುದರಿಂದ ಕಂಪನಿಯ ಯಾವ ವೈರಿಗೂ ಕೈ ಹಚ್ಚಬೇಡ್ರಿ. ರಸ್ತೆಯ ನಿಯಮ ಅವಕ್ಕೂ ಅದೇ.

ಮೊದಲ ರಾತ್ರಿಯ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ ಇಂಜಿನ್ ಚಾಲೂ ಮಾಡಿ, ಕೆಲಸದ ರೇಸಿನಲ್ಲಿ ಇಟ್ಟು, ಹೆಡ್‌ಲೈಟ್ ಸಮೇತ ಎಲ್ಲ ಲೈಟ್ ಹಚ್ಚಿ ಬ್ಯಾಟರಿಯ ಮೇಲೆ ಮೀಟರ್ ಹಿಡೀರಿ. 13.5 ವೋಲ್ಟಿಗಿಂತ ಮೇಲಿದ್ದರೆ ಆಲ್ಟರ್ನೇಟರ್ ತಡೆದುಕೊಳ್ಳುತ್ತಿದೆ. 12.6ರ ಕೆಳಗೆ ಇಳಿಯುತ್ತಾ ಹೋದರೆ ಲೈಟ್ ಹೆಚ್ಚಾಗಿವೆ, ಇಲ್ಲವೇ ಬೆಲ್ಟ್ ಸಡಿಲಾಗಿದೆ. ಆಮೇಲೆ ಲೈಟಿನ ಸಾಕೆಟ್ ಹತ್ತಿರ ಅಳೆಯಿರಿ. ಬ್ಯಾಟರಿಗೂ ಲೈಟಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಒಂದು ಜೋಡಣೆ ಸಡಿಲ ಇದೆ. ಅರ್ಧ ತಾಸು ಉರಿಸಿ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಥಿಂಬಲ್ ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡ್ರಿ. ಉಗುರು ಬೆಚ್ಚಗೆ ಇದ್ದರೆ ಚಿಂತೆ ಇಲ್ಲ, ಕೈ ಇಡಲಿಕ್ಕೆ ಆಗದಷ್ಟು ಬಿಸಿ ಇದ್ದರೆ ಅದನ್ನ ಬಿಚ್ಚಿ ಮತ್ತೆ ಒತ್ತಿಸ್ರಿ.

ಹತ್ತು ತಾಸು ಕೆಲಸ ಆದಮೇಲೆ ಎಲ್ಲ ನಟ್ಟುಗಳನ್ನ ಇನ್ನೊಮ್ಮೆ ಬಿಗಿ ಮಾಡಬೇಕು, ಹೊಸ ಪಟ್ಟಿ ಕೂತುಕೊಳ್ಳುವಾಗ ಸಡಿಲಾಗುತ್ತದೆ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಎರಡು ಫ್ಯೂಸು, ಒಂದು ರಿಲೇ ಇರಲಿ. ಟ್ರ್ಯಾಕ್ಟರ್ ತಿಂಗಳುಗಟ್ಟಲೆ ಬಣವಿ ಪಕ್ಕ ನಿಂತಿದ್ದರೆ ಲೈಟ್ ಹಚ್ಚುವ ಮೊದಲು ಬ್ಯಾಟರಿ ಪೆಟ್ಟಿಗೆ ತೆರೆದು ಇಲಿ ವೈರ್ ಕಡಿದಿದೆಯಾ ಅಂತ ನೋಡ್ಕೊಳ್ರಿ. ಬಣವಿ ಸಿಕ್ಕ ಕಡೆ ಇಲಿ ಇದ್ದೇ ಇರುತ್ತದೆ, ಅದಕ್ಕೆ ಹೊಸ ವೈರಿನ ಪ್ಲಾಸ್ಟಿಕ್ಕೇ ರುಚಿ.